ಅಂಬುಜಕ್ಕನ ಉರಿ

ನಮ್ಮೂರಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುವುದು, ಗಂಡಿನ ಮನೆಯಲ್ಲಿ ಒಂದು ಒಲೆಯ ಅಡುಗೆ ಉಣ್ಣುವವರು ಎಷ್ಟು ಜನ ಎಂದು. ಆಮೇಲೆ ರಾತ್ರಿ ಊಟ ಎಷ್ಟು ಹೊತ್ತಿಗೆ, ಉಂಡವರು ಓಡಾಡುತ್ತಾರೋ ಹಾಗೇ ಮಲಗುತ್ತಾರೋ, ಒಂದು ಜಾಡಿ ಉಪ್ಪಿನಕಾಯಿ ಎಷ್ಟು ದಿನ ಬರುತ್ತದೆ ಎಂದು ಕೇಳುತ್ತಾರೆ. ಜಾತಕ, ಆಸ್ತಿ ಎಲ್ಲ ಅದಾದ ಮೇಲಿನ ಮಾತು. ನನ್ನ ಅಪ್ಪನೂ ಕೇಳಿದ್ದರು. ಆಗ ನನ್ನ ಮಾವ ಮರಿಸ್ವಾಮಪ್ಪನವರು ನಮ್ಮನೆಯ ಜಮಖಾನದ ಮೇಲೆ ಕೂತು, "ನಮ್ಮದು ಬಹಳ ಸಪ್ಪೆ ಮನೆ ಸ್ವಾಮಿ. ದೀಪ ಹಚ್ಚೋ ಹೊತ್ತಿಗೆ ಊಟ, ಆಮೇಲೆ ಕೆರೆ ಏರಿ ತನಕ ಒಂದು ನಡಿಗೆ. ಕರಿದ ತಿಂಡಿ ಅಂದ್ರೆ ಹಬ್ಬಕ್ಕೆ ಮಾತ್ರ" ಎಂದಿದ್ದರು. ಅವರ ಜೊತೆ ಬಂದಿದ್ದ ಹಿರಿಸೊಸೆ ಅಂಬುಜಾಕ್ಷಿ ಆ ಮಾತಿಗೆ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತತೊಡಗಿದಳು. ನಾಚಿಕೆಯ ಹೆಂಗಸು ಅಂದುಕೊಂಡೆ.

ಮದುವೆಯಾಗಿ ಆ ಮನೆಗೆ ಬಂದ ಮೊದಲ ಊಟಕ್ಕೇ ಗೊತ್ತಾಯಿತು. ಎಲೆಯ ಮೇಲೆ ಹುಳಿಯನ್ನ, ಮೆಣಸಿನಕಾಯಿ ಬೋಂಡ, ಎಣ್ಣೆ ತೇಲುವ ಬದನೆಕಾಯಿ ಎಣ್ಗಾಯಿ. ನಾನಿನ್ನೂ ಎರಡು ತುತ್ತು ಉಂಡಿರಲಿಲ್ಲ, ಎದೆಗೂಡಿನ ನಡುವೆ ಕೆಂಡ ಇಟ್ಟ ಹಾಗಾಯಿತು. ಅದು ಅಲ್ಲೇ ನಿಲ್ಲದೆ ಗಂಟಲಿಗೆ ಏರಿತು. ಬಾಯಿಗೆ ಹುಳಿನೀರು ಬಂತು. ಬಡಿಸುತ್ತಿದ್ದ ಅಂಬುಜಕ್ಕ ಅದೇ ಗಳಿಗೆಯಲ್ಲಿ ಸೌಟು ಕೆಳಗಿಟ್ಟು, ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ ನಿಂಬೆ ಉಪ್ಪಿನಕಾಯಿಯ ಜಾಡಿ ತಂದು, ಎಲ್ಲರ ಎದುರಿಗೇ ಗೋಡೆಗೊರಗಿ ಕೂತು, ಒಂದೊಂದೇ ಹೋಳು ಬಾಯಿಗಿಟ್ಟುಕೊಂಡು ಅಳುತ್ತ ತಿಂದಳು. ಯಾರೂ ತಡೆಯಲಿಲ್ಲ. ಅತ್ತೆ ಪುಟ್ಟತಾಯಮ್ಮನವರು, "ತಿನ್ನಲಿ ಬಿಡಿ. ಅವಳು ಬಂದ ದಿನ ನಾನೂ ಹಾಗೇ ತಿಂದಿದ್ದೆ" ಎಂದರು.

ನಮ್ಮೂರ ರೀತಿಯೇ ಅದು. ಒಂದು ಒಲೆಯ ಅನ್ನ ಉಣ್ಣುವವರ ಎದೆಯುರಿಯೆಲ್ಲ ಆ ಒಲೆಗೆ ಕೊನೆಯಲ್ಲಿ ಬಂದ ಸೊಸೆಯ ಎದೆಗೆ ಬರುತ್ತದೆ. ಇನ್ನೊಬ್ಬ ಸೊಸೆ ಬರುವ ತನಕ ಅವಳದೇ. ಅವಳು ಒಂದೆರಡು ದಿನ ಬೇರೆ ಒಲೆಯ ಅನ್ನ ಉಂಡರೆ ಉರಿ ಅವಳಿಗಿಂತ ಹಿಂದಿನವಳಿಗೆ ಮರಳುತ್ತದೆ. ಅದಕ್ಕೇ ನಮ್ಮೂರ ಅತ್ತೆಯರು ಸೊಸೆಯನ್ನು ತವರಿಗೆ ಕಳಿಸಲು ಅಷ್ಟು ಹಿಂದೆಮುಂದೆ ನೋಡುವುದು. ಒಂಟಿಯಾಗಿ ಬೇಯಿಸಿಕೊಂಡು ತಿನ್ನುವ ಗಂಡಸರನ್ನು ಬೀದಿಯಲ್ಲೇ ಗುರುತು ಹಿಡಿಯಬಹುದು. ಸಂಜೆ ಬೇಗ ಉಂಡು, ಕೈ ಹಿಂದೆ ಕಟ್ಟಿಕೊಂಡು, ಕೆರೆ ಏರಿಯ ಮೇಲೆ ಮೆಲ್ಲಗೆ ನಡೆಯುತ್ತಿರುತ್ತಾರೆ. ಸಂಸಾರಸ್ಥರು ಆ ಹೊತ್ತಿಗೆ ಬಜ್ಜಿ ಅಂಗಡಿಯ ಮುಂದೆ ಇರುತ್ತಾರೆ. ಹೆಂಡತಿಯ ಮೇಲೆ ಕೈ ಮಾಡುವವರು ನಮ್ಮೂರಲ್ಲಿ ಕಡಿಮೆ ಎಂದು ಹೊರಗಿನವರು ಹೊಗಳುವುದುಂಟು. ಸಿಟ್ಟು ಬಂದ ಗಂಡಸು ಸೀದಾ ಬಜ್ಜಿ ಅಂಗಡಿಗೆ ಹೋಗಿ ಒಂದು ತಟ್ಟೆ ಹೆಚ್ಚಿಗೆ ತಿಂದು ಬರುತ್ತಾನೆ ಎಂಬುದು ಹೊರಗಿನವರಿಗೆ ತಿಳಿಯದು.

ಮಾವ ಹೇಳಿದ್ದ ಸಪ್ಪೆ ಮನೆಯ ಕಥೆ ಅಲ್ಲಿಗೇ ಮುಗಿಯಿತು. ಅವರದು ಬಟ್ಟೆ ಅಂಗಡಿ. ಮಾವ, ಭಾವ ಪಶುಪತಿ, ನಮ್ಮನೆಯವರು ಶ್ರೀಕಂಠ, ಮೂವರೂ ಅಂಗಡಿ ಬಾಗಿಲು ಹಾಕಿ ಬರುವಾಗ ಬೀದಿಯ ನಾಯಿಗಳೂ ಮಲಗಿರುತ್ತಿದ್ದವು. ಬಂದವರೇ ಉಂಡು, ತೇಗಿ, ಹಾಸಿಗೆಗೆ ಬೀಳುತ್ತಿದ್ದರು. ಅವರು ಮಲಗಿದ ತಕ್ಷಣ ನನ್ನ ಎದೆಯಲ್ಲಿ ಶುರುವಾಗುತ್ತಿತ್ತು.

ಅಂಬುಜಕ್ಕ ನನ್ನನ್ನು ನನ್ನ ಪಾಡಿಗೆ ಬಿಡಲಿಲ್ಲ. ಅವಳು ನನಗಿಂತ ಬಹಳ ದೊಡ್ಡವಳು. ಮಗ ಆಗಲೇ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ. ಮೊದಲ ವಾರವೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು. "ನೀನು ಮಾತ್ರೆ ನುಂಗಿ ಪ್ರಯೋಜನ ಇಲ್ಲ ಕಣೇ ರೇವತಿ. ಹುಳಿ ಇರೋದು ಅವರ ಹೊಟ್ಟೇಲಿ. ಮಾತ್ರೆ ಅವರ ಹೊಟ್ಟೆಗೆ ಹೋಗ್ಬೇಕು. ಅವರಿಗೆ ನೋವಿಲ್ಲ, ಅವರ‍್ಯಾಕೆ ನುಂಗ್ತಾರೆ?" ಹಾಗಾಗಿ ನಮ್ಮೂರ ಔಷಧಿ ಅಂಗಡಿಗಳಲ್ಲಿ ಗ್ಯಾಸ್ ಮಾತ್ರೆ ಕೊಳ್ಳುವವರೆಲ್ಲ ಹೆಂಗಸರೇ; ಗಂಡಂದಿರ ಮುಂದೆ ಹಿಡಿದು ನಿಂತು, ಬೈಸಿಕೊಂಡು, ಮತ್ತೆ ಡಬ್ಬಿಗೆ ಹಾಕಿಡುವವರೂ ಅವರೇ. ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಡುವುದನ್ನೂ ಅವಳೇ ತೋರಿಸಿದಳು. ತಲೆ ಎತ್ತರಕ್ಕಿದ್ದರೆ ಹುಳಿ ಮೇಲೆ ಬರುವುದು ಕಡಿಮೆ. ನಮ್ಮೂರ ಬಡಗಿಗಳು ಈಗ ಇಳಿಜಾರು ಮಂಚವನ್ನೇ ಮಾಡಿಕೊಡುತ್ತಾರೆ. ನಮ್ಮನೆಯವರು ಒಪ್ಪಲಿಲ್ಲ. ಜಾರಿ ಬೀಳುವ ಹಾಗಾಗುತ್ತದೆ ಎಂದು ಇಟ್ಟಿಗೆ ಎತ್ತಿ ಅಂಗಳಕ್ಕೆ ಎಸೆದರು.

ವರ್ಷಗಳು ಹೋದಂತೆ ಉರಿಯಲ್ಲಿ ಯಾರದು ಯಾವುದು ಎಂದು ತಿಳಿಯತೊಡಗಿತು. ಮಾವನದು ಹುಳಿತೇಗಿನ ಜೊತೆ ಬಂದು ಗಂಟಲಲ್ಲಿ ನಿಲ್ಲುತ್ತಿತ್ತು. ನಮ್ಮನೆಯವರದು ಮಲಗಿದ ಮೇಲೆ ಎದೆಯ ಎಲುಬಿನ ಹಿಂದೆ ಉದ್ದಕ್ಕೂ ಗೀರಿದ ಹಾಗೆ. ಅತ್ತೆಯದು ಊಟ ಮುಗಿದ ಕೂಡಲೇ ಭಗ್ಗನೆ ಎದ್ದು ಬೇಗ ಆರುತ್ತಿತ್ತು. ಅಂಬುಜಕ್ಕ ಬರುವ ತನಕ ಎಷ್ಟೋ ವರ್ಷ ಗಂಜಿಯಲ್ಲಿ ಕಳೆದವರು, ಆ ಬಾಕಿಯನ್ನೆಲ್ಲ ಹಸಿಮೆಣಸಿನಕಾಯಿಯಲ್ಲಿ ತೀರಿಸಿಕೊಳ್ಳುತ್ತಿದ್ದರು. ಮೆಲ್ಲಗೆ ತಿನ್ನಿ ಅತ್ತೆ ಎಂದು ಒಮ್ಮೆ ಹೇಳಿದೆ. "ನನಗೆ ಯಾರು ಹಾಗೆ ಹೇಳೋರಿದ್ರು?" ಎಂದು ಕೇಳಿ ಇನ್ನೊಂದು ಮೆಣಸಿನಕಾಯಿ ಉಪ್ಪಿಗೆ ಅದ್ದಿಕೊಂಡರು.

ಇವರೆಲ್ಲರ ಉರಿಯ ನಡುವೆ ನಾನು ಗಟ್ಟಿಯಾಗಿ ಉಳಿದದ್ದು ಅಂಬುಜಕ್ಕನಿಂದ. ಮಧ್ಯಾಹ್ನ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅವಳು ಅಂಗಡಿಗೆ ಬಂದ ಸೀರೆಗಳಿಗೆ ಫಾಲ್ ಹಾಕುತ್ತ, ಬ್ಲೌಸ್ ಹೊಲಿಯುತ್ತ, ನಗಿಸುತ್ತಿದ್ದಳು. ನಾನು ಅವಳಿಗೆ ಮಾತು ಕೊಟ್ಟಿದ್ದೆ, ಏನೇ ಆದರೂ ತವರಿನಲ್ಲಿ ರಾತ್ರಿ ಉಳಿಯುವುದಿಲ್ಲ, ಉರಿಯನ್ನು ಮತ್ತೆ ಅವಳ ಎದೆಗೆ ಕಳಿಸುವುದಿಲ್ಲ ಎಂದು. ಮಗಳು ಹುಟ್ಟಿದಾಗಿನ ಬಾಣಂತನವನ್ನೂ ಅತ್ತೆಯ ಮನೆಯಲ್ಲೇ ಮುಗಿಸಿದೆ. ನನ್ನ ಅಮ್ಮನಿಗೆ ಆ ಬೇಸರ ಹೋಗಲೇ ಇಲ್ಲ.

ಹೀಗಿರುವಾಗ ಒಂದು ಹೊಸ ಉರಿ ಶುರುವಾಯಿತು. ಮನೆಯಲ್ಲಿ ಯಾರೂ ಏನೂ ತಿನ್ನದ ಹೊತ್ತಿನಲ್ಲಿ ಬರುತ್ತಿತ್ತು. ಗಂಡಸರು ಅಂಗಡಿಯಲ್ಲಿ, ಅತ್ತೆ ನಿದ್ದೆಯಲ್ಲಿ. ಎದೆಯ ತೀರ ಕೆಳಗೆ, ಹೊಟ್ಟೆ ಸೇರುವ ಜಾಗದಲ್ಲಿ, ಹುಣ್ಣಿನ ಮೇಲೆ ಉಪ್ಪು ಉಜ್ಜಿದ ಹಾಗೆ. ಯಾರದಿರಬಹುದು ಎಂದು ಬಹಳ ದಿನ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ಅಂಬುಜಕ್ಕ ರಂಗೋಲಿ ಹಾಕಲು ಬಗ್ಗಿದಳು, ಒಲೆಯ ಮುಂದೆ ನಿಂತಿದ್ದ ನನ್ನ ಎದೆಯಲ್ಲಿ ಅದು ಎದ್ದಿತು. ಅವಳು ಸೆಟೆದು ನಿಂತಾಗ ಇಳಿಯಿತು. ಮತ್ತೆ ಬಗ್ಗಿದಳು, ಮತ್ತೆ ಎದ್ದಿತು.

ಆಮೇಲೆ ಅವಳನ್ನು ಗಮನಿಸಿ ನೋಡಿದೆ. ಅವಳು ರೊಟ್ಟಿ ಮುಟ್ಟುತ್ತಿರಲಿಲ್ಲ. ಅನ್ನವನ್ನು ಸಾರಿನಲ್ಲಿ ನೆನೆಸಿ, ಕಿವುಚಿ, ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಕೆಲವೊಮ್ಮೆ ನುಂಗಿದ್ದು ಇಳಿಯದೆ, ಕತ್ತು ಮುಂದೆ ಚಾಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಕಾಯುತ್ತಿದ್ದಳು. ಬೆಳಿಗ್ಗೆ ದನಿ ಒಡೆದಿರುತ್ತಿತ್ತು. ಊರವರಿಗೆಲ್ಲ ಹೊಲಿಯುವವಳು ತನ್ನ ಬ್ಲೌಸನ್ನೇ ಎರಡು ಸಲ ಒಳಗೆ ಹಿಡಿದು ಹೊಲಿದಿದ್ದಳು.

"ಅಕ್ಕಾ, ನಿಮಗೆ ಹುಷಾರಿಲ್ಲ. ಆ ಉರಿ ನಿಮ್ಮದು" ಎಂದೆ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ನನಗೆ ಎಲ್ಲೂ ನೋವಿಲ್ವಲ್ಲೇ. ಇದ್ದಾಗಲೇ ಇಷ್ಟು ವರ್ಷ ಬದುಕಿದೀನಿ, ಈಗ ಸುಖವಾಗಿದೀನಿ. ವಯಸ್ಸಾಯ್ತು, ಗಂಟಲು ಒಣಗುತ್ತೆ ಅಷ್ಟೆ."

"ನೋವು ನನ್ನ ಹತ್ತಿರ ಇದೆ ಅಕ್ಕಾ, ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ."

"ಹಾಗಾದ್ರೆ ಅಲ್ಲೇ ಇರ್ಲಿ ಬಿಡು" ಎಂದು ನಕ್ಕಳು. ನಗು ಕೆಮ್ಮಾಯಿತು.

ನನಗೆ ಹುಷಾರಿಲ್ಲ ಎಂದು ನೆಪ ಹೇಳಿ, ಜೊತೆಗೆ ಬನ್ನಿ ಎಂದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಗೆ ಹೊರಗಿನಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ತಬಸ್ಸುಮ್ ಇದ್ದರು. ನಮ್ಮೂರ ರೀತಿಗೆ ಮೊದಮೊದಲು ತಲೆ ಕೆಡಿಸಿಕೊಂಡಿದ್ದವರು, ಆಮೇಲೆ ಒಬ್ಬರ ಎದೆ ಮುಟ್ಟಿ ಇನ್ನೊಬ್ಬರಿಗೆ ಔಷಧಿ ಬರೆಯುವುದನ್ನು ಕಲಿತಿದ್ದರು. ನನ್ನ ಮಾತನ್ನೆಲ್ಲ ಕೇಳಿ, ಬಗ್ಗಿದಾಗ ಉರಿ ಏಳುವ ವಿಷಯ ಬಂದಾಗ ಪೆನ್ನು ಕೆಳಗಿಟ್ಟು ಅಂಬುಜಕ್ಕನ ಕಡೆ ತಿರುಗಿದರು.

"ನೀವು ರೊಟ್ಟಿ ತಿಂತೀರಾ ಅಮ್ಮ?"

"ಇಷ್ಟ ಇಲ್ಲ ಡಾಕ್ಟ್ರಮ್ಮ."

"ಇಷ್ಟ ಇಲ್ವಾ, ಇಳಿಯಲ್ವಾ?"

ಡಾಕ್ಟರು ಒಂದೊಂದೇ ಕೇಳಿದರು. ಮೊದಲು ಗಟ್ಟಿ ಪದಾರ್ಥ ಸಿಕ್ಕಿಕೊಳ್ಳುತ್ತಿತ್ತೋ, ಈಗ ಮೆತ್ತಗಿನದೂ ಸಿಕ್ಕಿಕೊಳ್ಳುತ್ತದೆಯೋ, ತೂಕ ಇಳಿದಿದೆಯೋ, ಮಲ ಯಾವಾಗಲಾದರೂ ಡಾಂಬರಿನ ಹಾಗೆ ಕಪ್ಪಾಗಿತ್ತೋ. ಕಪ್ಪಾಗಿತ್ತು ಎಂದು ಅವಳು ನೆಲ ನೋಡುತ್ತ ಹೇಳಿದಳು. ಅದನ್ನು ನನಗೂ ಹೇಳಿರಲಿಲ್ಲ.

ಡಾಕ್ಟರು ಮೇಜಿನ ಮೇಲಿದ್ದ ನನ್ನ ಬಟ್ಟೆಯ ಕೈಚೀಲ ಎತ್ತಿಕೊಂಡರು. "ನೋಡಿ, ಹೊಟ್ಟೆ ಅಂದ್ರೆ ಇಂಥ ಚೀಲ. ಒಳಗೆ ಆಸಿಡ್ ಇರುತ್ತೆ, ಅನ್ನ ಕರಗೋಕೆ ಅದು ಬೇಕು. ಚೀಲದ ಒಳಗೋಡೆ ಅದನ್ನ ತಡ್ಕೊಳ್ಳುತ್ತೆ. ಮೇಲಿನ ಅನ್ನನಾಳಕ್ಕೆ ಆ ಶಕ್ತಿ ಇಲ್ಲ. ಅದಕ್ಕೇ ಬಾಯಿ ಹತ್ರ ಒಂದು ಬಿಗಿ ಇರುತ್ತೆ, ಅನ್ನ ಇಳಿದ ಮೇಲೆ ಮುಚ್ಕೊಳ್ಳುತ್ತೆ." ಚೀಲದ ಬಾಯನ್ನು ಬೆರಳಿನಿಂದ ಬಿಗಿಹಿಡಿದು ತೋರಿಸಿದರು. "ಈ ಬಿಗಿ ಸಡಿಲ ಆದ್ರೆ ಆಸಿಡ್ ಮೇಲೆ ಬರುತ್ತೆ. ಹೊಟ್ಟೆ ಬಿರಿಯ ಉಂಡು ಮಲಗಿದ್ರೆ, ಬಗ್ಗಿದ್ರೆ ಇನ್ನೂ ಜಾಸ್ತಿ. ಯಾವಾಗಲೋ ಒಮ್ಮೆ ಬಂದ್ರೆ ಭಯ ಇಲ್ಲ. ವರ್ಷಗಟ್ಟಲೆ ದಿನಾ ಬಂದ್ರೆ ನಾಳ ಸುಟ್ಟು, ಮಾಗಿ, ಮತ್ತೆ ಸುಟ್ಟು ಕಿರಿದಾಗುತ್ತೆ. ಕೆಲವರಿಗೆ ಅದಕ್ಕಿಂತ ಕೆಟ್ಟದ್ದೂ ಆಗುತ್ತೆ."

"ಆದ್ರೆ ಉರಿ ಇವಳಿಗಲ್ವಾ ಬರೋದು?" ಅಂಬುಜಕ್ಕ ನನ್ನನ್ನು ತೋರಿಸಿದಳು.

"ಉರಿ ಇವರಿಗೆ ಬರುತ್ತೆ. ಸುಡೋದು ನಿಮ್ಮನ್ನೇ."

ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಬೇಕು, ದೊಡ್ಡ ಊರಿಗೆ ಹೋಗಿ, ತಡ ಮಾಡಬೇಡಿ ಎಂದು ಡಾಕ್ಟರು ಚೀಟಿ ಕೊಟ್ಟಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಅಂಬುಜಕ್ಕ ಆ ಚೀಟಿಯನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದಳು.

ಮನೆಯಲ್ಲಿ ನಾನೇ ಬಾಯಿ ಬಿಟ್ಟೆ. ಭಾವ ಮೊದಲು ಹೆಂಡತಿಯನ್ನೇ ಕೇಳಿದರು. "ನಿನಗೆ ನೋವಿದೆಯೇನೇ?" ಇಲ್ಲ ಎಂದಳು. "ಮತ್ತೆ? ಈಗ ಮದುವೆ ಕಾಲ, ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ನೋವಿಲ್ಲದವಳನ್ನ ಎತ್ಕೊಂಡು ಊರೂರು ತಿರುಗ್ಲಾ?" ಎಂದು ಎದ್ದು ಹೋದರು. ಮಾವ, ಹೊರಗಿನ ಡಾಕ್ಟರಿಗೆ ನಮ್ಮೂರ ವಿಷಯ ಏನು ಗೊತ್ತು ಎಂದರು. ಅತ್ತೆ ನನ್ನನ್ನೇ ನೋಡುತ್ತ ಕೂತಿದ್ದರು. "ನಾನು ಹೊತ್ತೆ, ಅವಳು ಹೊತ್ತಳು, ಯಾರೂ ಕಥೆ ಕಟ್ಟಲಿಲ್ಲ. ಹೊರೋಕಾಗದೆ ಅವಳ ತಲೆ ಮೇಲೆ ವಾಪಸು ಹಾಕೋಕೆ ದಾರಿ ಹುಡುಕ್ತಿದೀಯಾ?" ನಮ್ಮನೆಯವರು ಅವತ್ತಿನ ಚಿತ್ರಾನ್ನವನ್ನು ಎರಡನೇ ಸಲ ಬಡಿಸಿಕೊಂಡರು.

ನಾನು ಅಂಬುಜಕ್ಕನ ಕಡೆ ನೋಡಿದೆ, ಅವಳಾದರೂ ಒಂದು ಮಾತು ಹೇಳಲಿ ಎಂದು. ಅವಳು ಎದ್ದು ಎಲೆಗಳನ್ನು ತೆಗೆಯತೊಡಗಿದಳು. ಬಗ್ಗಿದಾಗ ಅದು ಎದ್ದಿತು. ನಾನು ಗೋಡೆ ಹಿಡಿದುಕೊಂಡೆ.

ಡಾಕ್ಟರು ಬರೆದ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಗೆ ನುಂಗಿಸಿದೆ. ಸಂಜೆಗೇ ಊಟ ಹಾಕಿದೆ, ತಲೆದಿಂಬು ಎತ್ತರಿಸಿದೆ. ಉರಿ ಸ್ವಲ್ಪ ತಗ್ಗಿತು. ನುಂಗುವುದು ಮಾತ್ರ ಸುಧಾರಿಸಲಿಲ್ಲ. ಗಂಜಿಯೂ ಒಮ್ಮೊಮ್ಮೆ ಹಿಂದಕ್ಕೆ ಬರುತ್ತಿತ್ತು. ದಿನಾ ಕೇಳಿದೆ, ಹೋಗೋಣ ಅಕ್ಕಾ, ನಾವಿಬ್ಬರೇ ಬಸ್ಸು ಹತ್ತೋಣ ಎಂದು. "ಮಗನ ಪರೀಕ್ಷೆ ಮುಗೀಲಿ", "ಈ ಬ್ಲೌಸುಗಳು ಮುಗೀಲಿ". ಕೊನೆಗೊಂದು ದಿನ ರೇಗಿದಳು. "ಮದುವೆಯಾದಾಗಿನಿಂದ ಕೆಂಡ ನುಂಗಿದೀನಿ. ಈಗ ನಾಲ್ಕು ದಿನ ತಣ್ಣಗಿದೀನಿ, ಅದನ್ನ ನೋಡೋಕಾಗಲ್ವೇನೇ ನಿನಗೆ?"

ಅವಳು ಹಾಗೆ ಅಂದ ಮೇಲೆ ನನಗೆ ಒಂದೇ ದಾರಿ ಕಂಡಿತು. ನೋವಿಲ್ಲದವಳನ್ನು ಯಾರೂ ನಂಬುವುದಿಲ್ಲ, ಅವಳೂ ತನ್ನನ್ನು ನಂಬುವುದಿಲ್ಲ. ನೋವು ಅವಳಿಗೆ ಸಿಗಬೇಕು. ಅದು ಇದ್ದದ್ದು ನನ್ನ ಬಳಿ.

ಅಮ್ಮನಿಗೆ ಮಂಡಿನೋವು ಜಾಸ್ತಿ ಎಂದು ಸುಳ್ಳು ಹೇಳಿ, ಮಗಳ ಕೈ ಹಿಡಿದು ಹೊರಟೆ. ಅತ್ತೆ ತಡೆಯಲಿಲ್ಲ. ಮರಳುವ ಉರಿ ಅವರಿಗಲ್ಲವಲ್ಲ. ಅಂಬುಜಕ್ಕ ಬಾಗಿಲ ತನಕ ಬಂದಳು.

"ಸಂಜೆಗೆ ಬರ್ತೀಯಲ್ಲ?"

"ಬರ್ತೀನಿ ಅಕ್ಕಾ" ಎಂದೆ.

ತವರಿನಲ್ಲಿ ಅಮ್ಮ ತಿಳಿಸಾರು ಅನ್ನ ಬಡಿಸಿದಳು. ಆ ದಿನ ಉರಿ ಇತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ತೆಳ್ಳಗಾಗಿ, ಯಾರೋ ಒಳಗಿನಿಂದ ದಾರ ಎಳೆದುಕೊಂಡ ಹಾಗೆ, ಹೋಗಿಬಿಟ್ಟಿತು. ಎದೆ ಖಾಲಿಯಾಯಿತು. ಅಮ್ಮ, "ಮಲಗು ಮಗಳೇ, ಇಷ್ಟು ವರ್ಷದ ಮೇಲೆ ನೆಮ್ಮದಿಯಾಗಿ ಮಲಗು" ಎಂದು ಚಾಪೆ ಹಾಸಿದಳು. ನನಗೆ ಕಣ್ಣು ಮುಚ್ಚಲಾಗಲಿಲ್ಲ. ಅಲ್ಲಿ ಅವಳಿಗೆ ಈಗ ಶುರುವಾಗಿದೆ, ಮಾವನದು, ಅತ್ತೆಯದು, ಗಂಡಸರಿಬ್ಬರದು, ಅದರ ಮೇಲೆ ತನ್ನದು. ವಾಪಸು ಓಡಿಬಿಡಲೇ ಎಂದು ಎಷ್ಟು ಸಲ ಚಪ್ಪಲಿ ಮೆಟ್ಟಿದೆನೋ. ಓಡಿದರೆ ಏನೂ ಆಗದ ಹಾಗೆ ಆಗಿಬಿಡುತ್ತದೆ ಎಂದು ಮತ್ತೆ ಕೂತೆ.

ನಮ್ಮನೆಯವರು ಬಂದು ಕರೆದರು. ಮುಖ ಬಿಳಿಚಿತ್ತು. "ಅತ್ತಿಗೆ ಕೂಗ್ಕೊಂಡ ಕೂಗಿಗೆ ಬೀದಿಯವರೆಲ್ಲ ಬಂದ್ರು. ರಕ್ತ ವಾಂತಿ ಆಯ್ತು. ಅಣ್ಣ ದೊಡ್ಡ ಊರಿಗೆ ಕರ‍್ಕೊಂಡು ಹೋಗಿದಾನೆ" ಎಂದರು. ಆಮೇಲೆ, "ನೀನು ಮೊದಲೇ ಹೇಳಿದ್ದೆ" ಎಂದು ಮೆಲ್ಲಗೆ ಸೇರಿಸಿದರು. ಅವರು ಹಾಗೆ ಒಪ್ಪಿದ್ದು ಅದೊಂದೇ ಸಲ.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿ ನೋಡಿದರು. ಅನ್ನನಾಳದ ಕೆಳಭಾಗ ಗಾಯ ಮಾಗಿ ಮಾಗಿ ಕಿರಿದಾಗಿತ್ತು, ಒಂದು ಕಡೆ ಕ್ಯಾನ್ಸರ್ ಶುರುವಾಗಿತ್ತು. ಇನ್ನೂ ಹರಡಿಲ್ಲ, ಇನ್ನೊಂದು ಮಳೆಗಾಲ ಕಳೆದು ಬಂದಿದ್ದರೆ ನಾವು ಕೈ ಹಚ್ಚುತ್ತಿರಲಿಲ್ಲ ಎಂದು ಅಲ್ಲಿಯ ಸರ್ಜನ್ ಹೇಳಿದರು. ಆ ಭಾಗವನ್ನು ತೆಗೆದು, ಹೊಟ್ಟೆಯನ್ನೇ ಮೇಲಕ್ಕೆ ಎಳೆದು ಜೋಡಿಸಿದರು. ಆಪರೇಷನ್ ಮುಗಿಯುವ ಹೊತ್ತಿಗೆ ನಾನು ಮನೆಯ ಒಲೆಯ ಅನ್ನ ಉಂಡು ಬಂದಿದ್ದೆ. ಉರಿ ನನ್ನಲ್ಲಿಗೆ ಮರಳಿತ್ತು. ಅವಳು ಅರಿವಳಿಕೆಯಲ್ಲಿ ಮಲಗಿದ್ದಾಗ ಅಷ್ಟಾದರೂ ಹೊತ್ತೆ ಎಂದುಕೊಂಡೆ.

ಸರ್ಜನ್ ಭಾವನನ್ನೂ ಮಾವನನ್ನೂ ಕೂರಿಸಿಕೊಂಡು ಹೇಳಿದರು. ನಿಮ್ಮ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ನೋವು ಗೊತ್ತಾಗದವರಿಗೇ ಅಪಾಯ ಹೆಚ್ಚು, ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡಿ, ತೂಕ ಇಳಿಸಿ, ಸಿಗರೇಟು ಬಿಡಿ. ಅವರಿಬ್ಬರೂ ಕೈಮುಗಿದು ಹೂಂ ಅಂದರು. ಹೊರಗೆ ಬಂದವರೇ ಆಸ್ಪತ್ರೆಯ ಎದುರಿನ ಹೋಟೆಲಿಗೆ ನಡೆದರು. ನಾನು ಅಂಬುಜಕ್ಕನ ಹಾಸಿಗೆಯ ಪಕ್ಕ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಮಾವನ ಹುಳಿತೇಗು ನನ್ನ ಗಂಟಲಿಗೆ ಬಂತು. ಹಿಂದೆಯೇ ಭಾವನದು. ಮದ್ದೂರು ವಡೆಯೋ ಪೂರಿಯೋ, ಕರಿದದ್ದು ಅನ್ನುವುದು ಖಂಡಿತ. ಅವಳ ಮೂಗಿನಲ್ಲಿ ನಳಿಗೆ ಇತ್ತು, ತುಟಿ ಒಣಗಿ ಬಿರಿದಿತ್ತು. ಒದ್ದೆ ಹತ್ತಿಯಿಂದ ತುಟಿ ಒರೆಸಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು.

ಮಾತು ಬರಲು ಕೆಲವು ದಿನ ಹಿಡಿಯಿತು. ಬಂದಾಗ ಮೊದಲು ನನಗೇ ಹೇಳಿದಳು.

"ಬೇಕು ಅಂತಲೇ ಹೋದೆ ಅಲ್ವಾ?"

ಸುಳ್ಳು ಹೇಳಲಾಗಲಿಲ್ಲ. "ಹೌದು ಅಕ್ಕಾ. ಬೇರೆ ದಾರಿ ಇರ್ಲಿಲ್ಲ. ಇಲ್ಲದಿದ್ರೆ ನೀವು…"

"ಗೊತ್ತು. ಬದುಕಿದೀನಿ. ಡಾಕ್ಟ್ರೂ ಹೇಳಿದ್ರು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಬಾಗಿಲಲ್ಲಿ ಕೇಳ್ದೆ, ಸಂಜೆಗೆ ಬರ್ತೀಯಲ್ಲ ಅಂತ. ನೀನು ಬರ್ತೀನಿ ಅಂದೆ. ಅವತ್ತು ದೀಪ ಹಚ್ಚಿದ ಮೇಲೂ ಬೀದಿ ನೋಡ್ತಾ ನಿಂತಿದ್ದೆ ಕಣೇ. ಅತ್ತೆ ನನಗೆ ಏನೇನೋ ಮಾಡಿದಾರೆ. ಅವರು ಯಾವತ್ತೂ ಮಾತು ಕೊಟ್ಟಿರ್ಲಿಲ್ಲ."

ಮುಖ ಆ ಕಡೆ ತಿರುಗಿಸಿದಳು. ಕಾಲು ಒತ್ತಲು ಹೋದೆ, ಕಾಲನ್ನು ಎಳೆದುಕೊಂಡಳು. ಆಮೇಲೆ ಆಸ್ಪತ್ರೆಯಲ್ಲಿ ನರ್ಸಿನ ಕೈಯಿಂದ ಗಂಜಿ ಕುಡಿದಳು, ಮಗನ ಕೈಯಿಂದ ಕುಡಿದಳು, ನನ್ನ ಕೈಯಿಂದ ಕುಡಿಯಲಿಲ್ಲ.

ಮನೆಗೆ ಬಂದ ಮೇಲೆ ಅವಳಿಗೆ ಸ್ವಲ್ಪ ಸ್ವಲ್ಪವೇ, ಹೊತ್ತು ಹೊತ್ತಿಗೆ ಕೊಡಬೇಕಿತ್ತು. ಅತ್ತೆ ಮೊದಲ ವಾರ ಪ್ರೀತಿಯಿಂದ ಮಾಡಿದರು. ಎರಡನೇ ವಾರಕ್ಕೆ, ಇಷ್ಟು ಸಲ ಒಲೆ ಹಚ್ಚುವುದು ಯಾರಿಂದಾಗುತ್ತದೆ ಎಂದರು. ಗಂಡಸರ ಊಟ ಹಳೆಯ ಹೊತ್ತಿಗೇ, ಹಳೆಯ ಹಾಗೇ. ಅಂಬುಜಕ್ಕ ಒಂದು ಬೆಳಿಗ್ಗೆ ಹೊಲಿಗೆ ಮೆಷಿನ್ನನ್ನು ಗಾಡಿಗೆ ಹಾಕಿಸಿ, ಸೊಪ್ಪಿನ ಬೀದಿಯಲ್ಲಿ ತಾನೇ ನೋಡಿ ಬಂದಿದ್ದ ಒಂದು ಕೋಣೆಗೆ ಹೊರಟು ನಿಂತಳು. ಒಂದು ಸೀಮೆಎಣ್ಣೆ ಸ್ಟೌ, ಎರಡು ಪಾತ್ರೆ.

ಭಾವ ಬಾಗಿಲಿಗೆ ಅಡ್ಡ ನಿಂತರು. "ಜನ ಏನಂತಾರೆ? ಈ ಮನೇಲಿ ನಿನಗೆ ಏನು ಕಮ್ಮಿ ಆಗಿದೆ? ನೋವು ಕೂಡ ನಿನಗಿಲ್ಲ!"

"ಅದೇ ಕಮ್ಮಿ ಆಗಿರೋದು" ಎಂದಳು ಅಂಬುಜಕ್ಕ. "ನನ್ನ ಉರಿ ನನಗೆ ಬೇಕು. ಬೇರೆ ಒಲೆ ಹಚ್ಚಿದ್ರೆ ಬರುತ್ತೆ. ಬಂದ್ರೆ ಯಾವಾಗ ಡಾಕ್ಟ್ರ ಹತ್ರ ಹೋಗ್ಬೇಕು ಅಂತ ನನಗೇ ಗೊತ್ತಾಗುತ್ತೆ. ಯಾರನ್ನೂ ಕೇಳ್ಬೇಕಾಗಿಲ್ಲ. ಯಾರೂ ನನಗೋಸ್ಕರ ಎಲ್ಲಿಗೂ ಹೋಗ್ಬೇಕಾಗಿಲ್ಲ."

ಕೊನೆಯ ಮಾತು ನನಗೆ. ಅವಳು ನನ್ನ ಕಡೆ ನೋಡಿ ಹೇಳಲಿಲ್ಲ, ಅಷ್ಟೆ.

ಭಾವ ಅವಳ ಜೊತೆ ಹೋಗಲಿಲ್ಲ. ಅವರು ಇಲ್ಲೇ ಉಣ್ಣುತ್ತಾರೆ, ಅವರ ಉರಿಯನ್ನು ನಾನು ಹೊರುತ್ತೇನೆ. ಈ ಮನೆಗೆ ಇನ್ನು ಸೊಸೆ ಬರುವುದು ಅಂದರೆ ಅಂಬುಜಕ್ಕನ ಮಗನ ಮದುವೆಯಾದಾಗ. ಅತ್ತೆ ಆಗಲೇ ಅಲ್ಲಿ ಇಲ್ಲಿ ಹೆಣ್ಣು ವಿಚಾರಿಸುತ್ತಿದ್ದಾರೆ. ಮೊನ್ನೆ ಮನೆಗೆ ಬಂದ ಹೆಣ್ಣಿನ ಕಡೆಯವರಿಗೆ ಮಾವ ನಮ್ಮದು ಬಹಳ ಸಪ್ಪೆ ಮನೆ ಎಂದು ಶುರು ಮಾಡಿದರು. ನಾನು ಕಾಫಿ ತಟ್ಟೆ ಕೆಳಗಿಟ್ಟು, ಊಟದ ಹೊತ್ತು, ಊಟದ ಬಗೆ, ಆಸ್ಪತ್ರೆಯ ಕಥೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕಾಫಿ ಮುಗಿಸದೆ ಎದ್ದು ಹೋದರು. ನಮ್ಮನೆಯವರು ಚಪ್ಪಲಿ ಮೆಟ್ಟಿಕೊಂಡು ಬಜ್ಜಿ ಅಂಗಡಿಯ ಕಡೆ ನಡೆದರು. ಅವರು ಎಷ್ಟು ತಟ್ಟೆ ತಿಂದರು ಎಂಬುದು ನನಗೆ ಇಲ್ಲೇ ಗೊತ್ತಾಯಿತು.

ಸೊಪ್ಪಿನ ಬೀದಿಗೆ ನಾನು ಹೋಗುತ್ತಿರುತ್ತೇನೆ. ಹೊಲಿಸುವುದಕ್ಕೆ ಏನಾದರೂ ಬಟ್ಟೆ ಹಿಡಿದು ಹೋಗುತ್ತೇನೆ. ಅವಳು ಅಳತೆ ತೆಗೆದುಕೊಳ್ಳುತ್ತಾಳೆ, ಯಾವಾಗ ಬೇಕು ಎಂದು ಕೇಳುತ್ತಾಳೆ, ಬೇರೆ ಗಿರಾಕಿಗಳಿಗೆ ಕೇಳುವ ಹಾಗೆಯೇ. ಹೇಗಿದ್ದೀರಿ ಅಕ್ಕಾ ಎಂದರೆ ಮೆಷಿನ್ ತುಳಿಯುತ್ತಾಳೆ. ಕುತ್ತಿಗೆಯ ಎಲುಬು ಹಿಂದಿಗಿಂತ ಎದ್ದು ಕಾಣುತ್ತದೆಯೋ, ನನ್ನ ಕಣ್ಣೇ ಹಾಗೆ ನೋಡುತ್ತದೆಯೋ ತಿಳಿಯುವುದಿಲ್ಲ.

ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂರುತ್ತೇನೆ. ಮಾವನದು ಬರುತ್ತದೆ, ಅತ್ತೆಯದು ಬರುತ್ತದೆ, ಅಂಗಡಿಯಲ್ಲಿ ಭಾವ ಟೀ ಕುಡಿದದ್ದು ಬರುತ್ತದೆ. ಎದೆಯ ತೀರ ಕೆಳಗಿನ ಆ ಜಾಗ ಮಾತ್ರ ತಣ್ಣಗಿರುತ್ತದೆ. ಅವಳಿಗೆ ಈಗ ಉರಿಯುತ್ತಿದೆಯೋ ಇಲ್ಲವೋ, ತಿಂದದ್ದು ಇಳಿಯುತ್ತಿದೆಯೋ ಇಲ್ಲವೋ, ನನಗೆ ಗೊತ್ತಾಗುವುದಿಲ್ಲ. ಅವಳು ಹೇಳುವುದಿಲ್ಲ. ಕೈಯನ್ನು ಆ ಜಾಗದ ಮೇಲಿಟ್ಟುಕೊಂಡು, ಬಿಸಿಲು ಗೋಡೆಯಿಂದ ಇಳಿಯುವ ತನಕ ಕೂತು, ಆಮೇಲೆ ಎದ್ದು ರಾತ್ರಿಯ ಅಡುಗೆಗೆ ಎಣ್ಣೆ ಇಡುತ್ತೇನೆ.